ಕೊಬ್ಬರಿ ಮಂಡಿಗೆ ಕೇಳುವಂಥ ಪಾಠ

ಮೆತ್ತಗಿನ ದನಿಯವರನ್ನು ಗದ್ದಲ ಹುಡುಕಿಕೊಂಡು ಬರುತ್ತದೆ. ಇದು ನನ್ನ ಜೀವಮಾನದ ಅನುಭವ. ಮದುವೆಮನೆಯಲ್ಲಿ ಯಾರಾದರೂ ನನ್ನನ್ನು ಕ್ಷೇಮಸಮಾಚಾರ ಕೇಳಿದರೆ ಸರಿಯಾಗಿ ಅದೇ ಗಳಿಗೆಗೆ ಓಲಗದವರು ಗಟ್ಟಿಮೇಳ ಬಾರಿಸುತ್ತಾರೆ. ಬಸ್ಸಿನಲ್ಲಿ ನಾನು ಊರಿನ ಹೆಸರು ಹೇಳಿ ಟಿಕೆಟ್ ಕೇಳಿದರೆ ಕಂಡಕ್ಟರ್ ಕೊಡುವುದು ಯಾವಾಗಲೂ ಅದರ ಮುಂದಿನ ಊರಿನದು. ಇಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಮೇಷ್ಟರ ಕೆಲಸ. ಅದರಲ್ಲೂ ವಿಜ್ಞಾನ, ಅದರಲ್ಲೂ ಬಹಳ ಇಷ್ಟಪಟ್ಟು ಪಾಠ ಮಾಡುತ್ತಿದ್ದ ಅಧ್ಯಾಯ 'ಶಬ್ದ'. ಶಬ್ದದ ವಿಷಯ ನನಗೆ ತಕ್ಕಮಟ್ಟಿಗೆ ಎಲ್ಲವೂ ಗೊತ್ತಿತ್ತು. ಮಾಡುವುದಕ್ಕೆ ಮಾತ್ರ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ನನ್ನ ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂದು ಒಂದು ವರ್ಷ ನೇತಾಡಿತು. ಆ ವರ್ಷ ನನ್ನ ಪಾಲಿಗೆ ಬಂದ ಸದ್ದುಗಳ ಕಥೆ ಇದು.

ಅಲ್ಲಾಡಿಸಿ ನೋಡುವುದು

ನಮ್ಮ ಸ್ಕೂಲಿನ ಆಡಳಿತ ಮಂಡಳಿಯ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ. ಅವರ ಮಂಡಿ ಸ್ಕೂಲಿನ ಎದುರಿಗೇ, ರಸ್ತೆಯ ಆಚೆ ಬದಿಗೆ ಇತ್ತು. ಆ ಕಡೆ ಕೊಬ್ಬರಿ ಮಾಡುವ ರೀತಿ ಗೊತ್ತಿರುವವರಿಗೆ ಗೊತ್ತು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಒಡೆದು ನೋಡುವ ಹಾಗಿಲ್ಲವಲ್ಲ, ಅದಕ್ಕೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಹಸಿ. ಉಂಡೆ ಗಡಗಡ ಎಂದು ಉರುಳಿದರೆ ಕೊಬ್ಬರಿಯಾಗಿದೆ ಎಂದು ಅರ್ಥ.

ಅಧ್ಯಕ್ಷರು ನಲವತ್ತು ವರ್ಷ ಹೀಗೆ ಅಲ್ಲಾಡಿಸಿ ಅಲ್ಲಾಡಿಸಿ, ಪ್ರಪಂಚದ ಯಾವುದೇ ವಸ್ತುವಿನ ಯೋಗ್ಯತೆಯನ್ನು ಅದು ಮಾಡುವ ಸದ್ದಿನಿಂದಲೇ ತಿಳಿಯಬಹುದು ಎಂಬ ತೀರ್ಮಾನಕ್ಕೆ ಬಂದಿದ್ದರು. ನನ್ನ ಸಂದರ್ಶನ ನಡೆದದ್ದೂ ಮಂಡಿಯಲ್ಲೇ. ಅವರು ಗದ್ದಿಗೆಯ ಮೇಲೆ ಕೂತು ಒಂದು ಕಾಯಿಯನ್ನು ಕಿವಿಗೆ ಹಿಡಿದಿದ್ದರು. ಪಕ್ಕದಲ್ಲಿ ನಮ್ಮ ಹೆಡ್ ಮೇಷ್ಟ್ರು.

“ನಿಮ್ಮ ಹೆಸ್ರೇನು?”

ಹೇಳಿದೆ.

“ಏನಂದ್ರಿ?”

ಮತ್ತೆ ಹೇಳಿದೆ. ಅಧ್ಯಕ್ಷರು ಕಾಯಿ ಕೆಳಗಿಟ್ಟು ಆ ಕಿವಿಯನ್ನು ನನ್ನ ಕಡೆ ತಿರುಗಿಸಿದರು. ಮೂರನೆಯ ಸಲ ಹೇಳಿದೆ. ಆಗ ಹೆಡ್ ಮೇಷ್ಟ್ರು ಕನಿಕರಪಟ್ಟು ನನ್ನ ಹೆಸರನ್ನು ತಾವೇ ಹೇಳಿದರು. ಅವರದು ಕಿವಿಗಡಚಿಕ್ಕುವ ಕಂಠ. ಅಟ್ಟದ ಮೇಲೆ ಮಲಗಿದ್ದ ಬೆಕ್ಕು ಎದ್ದು ಓಡಿತು.

“ಡಿಗ್ರಿ ಎಲ್ಲ ಸರೀನೇ ಐತೆ,” ಎಂದರು ಅಧ್ಯಕ್ಷರು. “ಆದ್ರೆ ಅಲ್ಲಾಡ್ಸಿದ್ರೆ ಸದ್ದೇ ಬರ್ತಿಲ್ವಲ್ರೀ.”

ಕೊನೆಗೆ ಒಂದು ವರ್ಷದ ಮಟ್ಟಿಗೆ ಸೇರಿಸಿಕೊಂಡರು. ಷರತ್ತು ಒಂದೇ. “ನಮ್ಮ ಹೆಡ್ ಮೇಷ್ಟ್ರು ಪಾಠ ಮಾಡಿದ್ರೆ ಇಲ್ಲಿ ಗದ್ದಿಗೆ ಮ್ಯಾಲೆ ಕುಂತೋನಿಗೆ ಕೇಳ್ತದೆ. ನಿಮ್ಮದೂ ಹಂಗೇ ಕೇಳ್ಬೇಕು. ಮುಂದಿನ ಜೂನ್ ತಿಂಗಳಿಗೆ ನೋಡಾಣ. ಕೇಳಿದ್ರೆ ಖಾಯಂ, ಇಲ್ದಿದ್ರೆ ಬ್ಯಾಜಾರ್ ಮಾಡ್ಕಬ್ಯಾಡಿ.”

ನಾನು “ಆಗಲಿ ಯಜಮಾನ್ರೆ” ಎಂದೆ.

“ಏನಂದ್ರಿ?” ಎಂದರು.

ಎರಡು ಗಂಟಲಿನ ಲೆಕ್ಕ

ಅಧ್ಯಕ್ಷರು ಕೆಟ್ಟವರಲ್ಲ. ಎರಡು ತಿಂಗಳು ಕಿವಿ ನಿಮಿರಿಸಿ ಕೂತು, ನನ್ನ ಪಾಠದ ಒಂದಕ್ಷರವೂ ಮಂಡಿಗೆ ಬರದಿದ್ದಾಗ ಅವರೇ ಒಂದು ಉಪಾಯ ಹುಡುಕಿಕೊಂಡು ಬಂದರು.

“ನಿಮ್ಮೊಬ್ಬರ ಗಂಟ್ಲು ಸಾಲ್ದು ಮೇಷ್ಟ್ರೇ. ಪಕ್ಕದಾಗೆ ಇನ್ನೊಬ್ಬರನ್ನ ನಿಲ್ಸಣ. ನೀವು ಹೇಳಿದ್ದನ್ನೇ ಅವ್ರೂ ಹೇಳ್ಲಿ. ಸದ್ದು ಎಲ್ಡರಷ್ಟು ಆಯ್ತದೆ.”

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಪ್ರೀತಿಯ ಅಧ್ಯಾಯಕ್ಕೇ ಕೈಹಾಕಿದರಲ್ಲ, ಹೇಗೆ ಸುಮ್ಮನಿರುವುದು? ಅವರ ಕಿವಿಯ ಹತ್ತಿರ ಹೋಗಿ ವಿವರಿಸಿದೆ. ಇಬ್ಬರು ಸಮನಾಗಿ ಕೂಗಿದರೆ ಶಕ್ತಿಯೇನೋ ಎರಡರಷ್ಟಾಗುತ್ತದೆ. ಆದರೆ ಕಿವಿಗೆ ಅದು ಎರಡರಷ್ಟು ಅನ್ನಿಸುವುದಿಲ್ಲ, ಸ್ವಲ್ಪವೇ ಹೆಚ್ಚು ಅನ್ನಿಸುತ್ತದೆ. ಡೆಸಿಬೆಲ್ ಎಂಬ ಅಳತೆ ಇದೆ, ಅದರ ದಾರಿಯೇ ಹಾಗೆ. ಎರಡರಷ್ಟು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಜನ ಕೂಗಬೇಕು.

ಅಧ್ಯಕ್ಷರು ನನ್ನ ಮುಖವನ್ನೇ ನೋಡಿದರು. “ಎಲ್ಡು ಮೂಟೆ ಕೊಬ್ರಿ ತಕ್ಕಡಿಗೆ ಹಾಕಿದ್ರೆ ಎಲ್ಡು ಮೂಟೆ ತೂಕ ಬರ್ತದೋ ಇಲ್ವೋ?”

“ಬರುತ್ತೆ. ಆದರೆ ಕಿವಿ ತಕ್ಕಡಿಯಲ್ಲ.”

“ಹಂಗಾದ್ರೆ ಕಿವೀಲಿ ಏನೋ ಮೋಸ ಐತೆ.”

ಕಿವಿಯಲ್ಲಿ ಮೋಸವಿಲ್ಲ, ಅದರಿಂದ ಉಪಕಾರವೇ ಆಗಿದೆ ಎಂದೆ. ಇರುವೆ ಹರಿದಂಥ ಸದ್ದಿನಿಂದ ಸಿಡಿಲಿನವರೆಗೆ ಎಲ್ಲವೂ ಒಂದೇ ಕಿವಿಯಲ್ಲಿ ಹಿಡಿಸಬೇಕಲ್ಲ. ಮಾತು ಎಲ್ಲಿಂದೆಲ್ಲಿಗೋ ಹೋಗಿ, ಪ್ರಾಣಿಗಳಲ್ಲೆಲ್ಲ ಜೋರು ದನಿಯದು ನೀಲಿ ತಿಮಿಂಗಿಲ, ಅದು ಸಮುದ್ರದಲ್ಲಿ ಕೂಗಿದರೆ ನೂರಾರು ಮೈಲಿ ದೂರದ ಇನ್ನೊಂದಕ್ಕೆ ಕೇಳಿಸುತ್ತದಂತೆ ಎಂಬುದನ್ನೂ ಹೇಳಿಬಿಟ್ಟೆ. ಅಲ್ಲೇ ನಿಂತಿದ್ದ ಹೆಡ್ ಮೇಷ್ಟ್ರು, “ಅದಕ್ಕೆ ಬಿ.ಎಡ್. ಆಗಿದ್ರೆ ನೀವು ಜಾಗ ಖಾಲಿ ಮಾಡ್ಬೋದು,” ಎಂದರು.

ಅಧ್ಯಕ್ಷರು ಮಾತ್ರ ಇನ್ನೂ ಹತ್ತು ಜನರ ಲೆಕ್ಕದಲ್ಲೇ ಇದ್ದರು. “ಹತ್ತು ಮೇಷ್ಟ್ರಿಗೆ ಸಂಬ್ಳ ಕೊಟ್ಟು ಎಲ್ಡು ಮೇಷ್ಟ್ರ ಸದ್ದಾ? ಇದು ವ್ಯಾಪಾರಕ್ಕೆ ಆಗೋ ವಿಜ್ಞಾನ ಅಲ್ಲ ಬುಡಿ,” ಎಂದು ಮಂಡಿಗೆ ಹೋದರು.

ಧನಂಜಯ ಬಂದರೆ ಭಯವಿಲ್ಲ

ಅದೇ ವರ್ಷ ಹಿಂಗಾರಿನಲ್ಲಿ ನಾನು ತರೀಕೆರೆಗೆ ಹೆಣ್ಣು ನೋಡಲು ಹೋದೆ. ಹುಡುಗಿಯ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಉಗಿಬಂಡಿಯ ಸೀಟಿಯ ಜೊತೆ ಆಯುಷ್ಯ ಕಳೆದು ಅವರ ಕಿವಿ ತುಸು ಮಂದವಾಗಿತ್ತು. ಮನೆಯಲ್ಲಿ ಹುಡುಗಿ, ತಂದೆ, ಒಬ್ಬರು ಅಜ್ಜಿ.

ಉಪ್ಪಿಟ್ಟಿನ ತಟ್ಟೆ ಕೈಗೆ ಬಂದಿತ್ತು, ಆಕಾಶ ಕಪ್ಪಾಗಿತ್ತು. ಹುಡುಗಿಯನ್ನು ಏನಾದರೂ ಕೇಳಬೇಕು ಎಂದು ಎಲ್ಲರೂ ನನ್ನತ್ತ ನೋಡಿದರು. ನಾನು ಬಾಯಿ ತೆರೆದೆ, ಫಳ್ ಎಂದು ಮಿಂಚಿತು. ಮೂಲೆಯಲ್ಲಿದ್ದ ಅಜ್ಜಿ ಕೂಡಲೇ ಕಣ್ಣುಮುಚ್ಚಿ, “ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ” ಎಂದು ಶುರುಮಾಡಿದರು. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿದರೆ ಸಿಡಿಲು ಹತ್ತಿರ ಸುಳಿಯುವುದಿಲ್ಲ ಎಂಬುದು ನಮ್ಮ ಕಡೆಯ ಹಿರಿಯರ ನಂಬಿಕೆ. ನಾನೂ ಅಭ್ಯಾಸಬಲದಿಂದ ಬೆರಳು ಮಡಿಸುತ್ತ ಸೆಕೆಂಡು ಎಣಿಸತೊಡಗಿದೆ. ಅಜ್ಜಿ 'ವಿಜಯ'ಕ್ಕೆ ಬಂದಾಗ ಮನೆ ಅದುರುವಂತೆ ಗುಡುಗಿತು.

ಗಾರ್ಡ್ ಯಜಮಾನರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಹುಡುಗ ಚಿನ್ನ ಎಷ್ಟು ಕೇಳಲಿ ಎಂದು ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡಿರಬೇಕು, ಮುಖ ಬಿಗಿದುಕೊಂಡರು.

ಆಗ ಹುಡುಗಿ ತಲೆ ಎತ್ತಿ, “ಮೂರ್ರಿಂದ ಭಾಗಿಸಿದ್ರೆ ಕಿಲೋಮೀಟರು ಬರುತ್ತೆ ಅಲ್ವಾ?” ಎಂದು ಕೇಳಿದಳು.

ಮಿಂಚು ಕಣ್ಣಿಗೆ ತಕ್ಷಣ ಬರುತ್ತದೆ. ಸದ್ದು ಒಂದು ಕಿಲೋಮೀಟರು ಬರುವುದಕ್ಕೆ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ನನ್ನ ತರಗತಿಯಲ್ಲಿ ಮೂರು ಸಲ ಹೇಳಿದರೂ ಯಾರೂ ಹಿಡಿಯದಿದ್ದ ವಿಷಯವನ್ನು ಈಕೆ ಉಪ್ಪಿಟ್ಟು ಬಡಿಸುತ್ತ ಹೇಳಿದ್ದಳು. ಮದುವೆಯಾದರೆ ಇವಳನ್ನೇ ಎಂದು ನಾನು ಅಲ್ಲೇ ನಿಶ್ಚಯಿಸಿದೆ. ಅದನ್ನು ಹೇಳಿಯೂಬಿಟ್ಟೆ, ಆದರೆ ಆಗ ಇನ್ನೊಂದು ಗುಡುಗು ಬಂದು ಯಾರಿಗೂ ಕೇಳಲಿಲ್ಲ.

ಅಜ್ಜಿಯದು ಬೇರೆಯೇ ಶಾಸ್ತ್ರ. “ಏನಪ್ಪಾ, ನಂಗೆ ಭಾಗಾಕಾರ ಎಲ್ಲ ಬರಕಿಲ್ಲ. ಧನಂಜಯನ ಗಂಟ ಬಂದು ಆಮೇಲೆ ಗುಡುಗಿದ್ರೆ ಭಯ ಇಲ್ಲ, ಒಲೆ ಮುಂದೆ ಹೋಯ್ತೀನಿ. ಫಲ್ಗುಣಂಗೇ ಗುಡುಗ್ಬಿಟ್ರೆ ಮಂಚದ ಕೆಳೀಕೆ ಹೋಯ್ತೀನಿ.” ಲೆಕ್ಕ ಹಾಕಿ ನೋಡಿದೆ. ಅಜ್ಜಿ ನಿಧಾನವಾಗಿ ಹೇಳುವ ಒಂದು ಹೆಸರಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು. ಹತ್ತನೆಯದಾದ ಧನಂಜಯ ಮುಗಿದರೆ ಸಿಡಿಲು ಮೂರು ಕಿಲೋಮೀಟರಿನ ಆಚೆ.

ಹೊರಡುವಾಗ ಹುಡುಗಿಯ ತಂದೆ ನನ್ನನ್ನು ಪಕ್ಕಕ್ಕೆ ಕರೆದರು. “ಹುಡುಗಿ ಒಪ್ಪಿದಾಳೆ, ನಾವೂ ಒಪ್ಪಿದೀವಿ. ಕೆಲ್ಸ ಖಾಯಂ ಆಯ್ತು ಅಂತ ಬಂದು ಹೇಳಿ, ಮಾರನೇ ದಿನವೇ ಲಗ್ನ ಕಟ್ಟಿಸ್ತೀನಿ. ಆಗದಿದ್ರೆ ನಮಗೂ ಬೇರೆ ಕಡೆ ನೋಡಬೇಕಾಗ್ತದೆ.” ಅಲ್ಲಿಂದಾಚೆಗೆ ಆ ಕೊಬ್ಬರಿ ಮಂಡಿ ನನ್ನ ಕನಸಿನಲ್ಲೂ ಬರತೊಡಗಿತು.

ಖುಷಿಯಲ್ಲಿ ನಾನು ಅಜ್ಜಿಯ ವಿಧಾನವನ್ನು ತರಗತಿಯಲ್ಲೂ ಹೇಳಿಕೊಟ್ಟೆ. ಪರೀಕ್ಷೆಯಲ್ಲಿ 'ಬೆಳಕು ಮತ್ತು ಶಬ್ದಗಳ ವೇಗವನ್ನು ಹೋಲಿಸಿ' ಎಂಬ ಪ್ರಶ್ನೆಗೆ ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: 'ಬೆಳಕು ಅರ್ಜುನನಿಗಿಂತ ಮುಂಚೆ ಬರುತ್ತದೆ. ಶಬ್ದವು ಸವ್ಯಸಾಚಿಯ ಹೊತ್ತಿಗೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ, ಉದಾಹರಣೆಗೆ ನಮ್ಮ ವಿಜ್ಞಾನದ ಮೇಷ್ಟರದು.'

ಹೆಬ್ಬೆಯಲ್ಲಿ ಭಾಷಣ

ಚಳಿಗಾಲ ಬಂತು. ಸ್ಕೂಲಿನಿಂದ ಹೆಬ್ಬೆ ಜಲಪಾತಕ್ಕೆ ಪ್ರವಾಸ ಹೊರಟೆವು. ಅಧ್ಯಕ್ಷರೂ ಬಂದರು, ಹೆಡ್ ಮೇಷ್ಟ್ರು ಎಲ್ಲರಿಗಿಂತ ಮುಂದೆ. ಕೆಮ್ಮಣ್ಣುಗುಂಡಿಯವರೆಗೆ ಬಸ್ಸು, ಅಲ್ಲಿಂದ ಕಾಡಿನಲ್ಲಿ ಇಳಿಜಾರು. ದಾರಿಯುದ್ದಕ್ಕೂ ಹೆಡ್ ಮೇಷ್ಟ್ರದು ಒಂದೇ ಮಾತು. “ಜಲಪಾತದ ಮುಂದೆ ನಿಂತು ಅದರ ಸದ್ದು ಮೀರಿಸಿ ಭಾಷಣ ಮಾಡ್ತೀನಿ. ಗಂಟಲು ಅಂದ್ರೆ ಏನು ಅಂತ ಇವತ್ತು ಕೆಲವರಿಗೆ ಗೊತ್ತಾಗ್ಲಿ.” ಕೆಲವರು ಎಂದರೆ ನಾನೊಬ್ಬನೇ.

ಹೆಬ್ಬೆಯ ನೀರು ಬಂಡೆಯ ಮೇಲಿಂದ ಬೀಳುವಾಗ ಅದರಲ್ಲಿ ದಪ್ಪ ಸದ್ದು, ಸಣ್ಣ ಸದ್ದು, ನಡುವಿನ ಸದ್ದು ಎಲ್ಲ ಕಲಸಿಕೊಂಡಿರುತ್ತದೆ. ಮನುಷ್ಯನ ದನಿ ಯಾವ ಸಂದಿಯಲ್ಲೂ ನುಸುಳಲು ಅದು ಜಾಗ ಬಿಡುವುದಿಲ್ಲ. ಅದರ ಮುಂದೆ ನಿಂತಾಗ ನನಗೆ ಆದ ಸಂತೋಷ ಹೇಳತೀರದು. ಬದುಕಿನಲ್ಲಿ ಮೊದಲ ಬಾರಿಗೆ ಎಲ್ಲರ ಗಂಟಲೂ ನನ್ನ ಗಂಟಲಿನಷ್ಟೇ ಆಗಿತ್ತು.

ಹೆಡ್ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಒಂದು ಬಂಡೆ ಏರಿದರು, ನಮ್ಮ ಕಡೆ ತಿರುಗಿದರು. ಬಾಯಿ ತೆರೆದರು. ಒಂದಕ್ಷರ ಕೇಳಲಿಲ್ಲ. ಆದರೆ ಅವರು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಆವೇಶ ಏರಿತು. ಕೈ ಬೀಸಿದರು, ಕಾಲು ಅಪ್ಪಳಿಸಿದರು, ಬಗ್ಗಿ ಎದ್ದರು, ಎರಡು ಕೈಯನ್ನೂ ನಮ್ಮತ್ತ ಚಾಚಿ ಕತ್ತಿನ ನರ ಉಬ್ಬುವಂತೆ ಕೂಗಿದರು. ಮಕ್ಕಳು ಕೈಕಟ್ಟಿ ಸಾಲಾಗಿ ನಿಂತು ತಲೆಯಾಡಿಸಿದರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂದಿತ್ತು. ಕೊನೆಗೆ ಹೆಡ್ ಮೇಷ್ಟ್ರು ಬಂಡೆಯಿಂದ ಜಾರಿಕೊಂಡೇ ಇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಸದ್ದು ಕಡಿಮೆಯಾಗುವಷ್ಟು ದೂರ ನಡೆದ ಮೇಲೆ ಅಧ್ಯಕ್ಷರು ನನಗೆ ಹೇಳಿದರು. “ನೋಡಿದ್ರಾ ಮೇಷ್ಟ್ರೇ. ಒಂದಕ್ಸರ ಕೇಳ್ಲಿಲ್ಲ, ಆದ್ರೂ ಮೈ ಜುಂ ಅಂತು. ಪಾಠ ಅಂದ್ರೆ ಅದು.”

ಹಿಂದೆ ಕುಂಟುತ್ತ ಬರುತ್ತಿದ್ದ ಹೆಡ್ ಮೇಷ್ಟ್ರನ್ನು, ಏನು ಹೇಳಿದಿರಿ ಸಾರ್ ಎಂದು ಕೇಳಿದೆ. ಅವರಿಗೆ ದನಿ ಪೂರ್ತಿ ಕೂತುಹೋಗಿತ್ತು. ಪಂಚೆ ಎತ್ತಿ ರಕ್ತ ಒಸರುತ್ತಿದ್ದ ತೊಡೆ ತೋರಿಸಿ, ನನಗಿಂತಲೂ ಸಣ್ಣ ದನಿಯಲ್ಲಿ ಹೇಳಿದರು. “ಜಿಗಣೆ ಹತ್ತಿದೆ, ಯಾರಾದ್ರೂ ಬಂದು ಕೀಳ್ರೋ ಅಂದೆ.”

ಅಜ್ಜಂಪುರಕ್ಕೆ ಕೇಳಿದ ಬೆಟ್ಟ

ಬೇಸಿಗೆ ರಜೆಗೆ ನನ್ನ ಊರಾದ ಅಜ್ಜಂಪುರಕ್ಕೆ ಹೋದೆ. ಅಲ್ಲಿನ ಒಂದು ಹೋಟೆಲಿನ ಬೆಂಚಿನ ಮೇಲೆ ಕೂತಾಗ, ಮನುಷ್ಯರು ಬರೆದಿಟ್ಟಿರುವುದರಲ್ಲೇ ಅತಿ ದೊಡ್ಡ ಸದ್ದು ಯಾವುದು ಎಂದು ಮಾತು ಬಂತು. ಮಾತು ತಂದವನು ನಾನೇ. ಸುಮಾರು ನೂರು ವರ್ಷದ ಹಿಂದೆ ಜಾವಾ ದ್ವೀಪದ ಹತ್ತಿರ ಸಮುದ್ರದಲ್ಲಿ ಒಂದು ಬೆಂಕಿಬೆಟ್ಟ ಸಿಡಿಯಿತು. ಆ ಸದ್ದು ಮೂರು ಸಾವಿರ ಮೈಲಿ ಆಚೆಯ ಇನ್ನೊಂದು ದ್ವೀಪದಲ್ಲಿ ಕೇಳಿತು. ಅಲ್ಲಿನ ಪೊಲೀಸ್ ಅಧಿಕಾರಿ, ಯಾವುದೋ ಹಡಗು ತೋಪು ಹಾರಿಸುತ್ತಿದೆ ಎಂದುಕೊಂಡನಂತೆ. ಸದ್ದು ಅಷ್ಟು ದೂರ ಹೋಗಿ ಮುಟ್ಟಲು ನಾಲ್ಕು ಗಂಟೆ ಹಿಡಿಯಿತು.

“ನಾಕು ಗಂಟೆನಾ?” ಎಂದರು ಒಬ್ಬರು. “ಪರವಾಗಿಲ್ವೇ. ನಮ್ಮಪ್ಪ ಬೀರೂರು ಸಂತೆಯಿಂದ ಎತ್ತಿನ ಗಾಡೀಲಿ ಬರಕ್ಕೆ ಅದಕ್ಕಿಂತ ಜಾಸ್ತಿ ಹಿಡೀತಿತ್ತು.”

ಇಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಸಂಜೆಗೆ ಊರೆಲ್ಲ ಸುದ್ದಿ ಹಬ್ಬಿತ್ತು. ಮಾರನೆಯ ದಿನ ಒಬ್ಬರು ಬಂದು, ಆ ಸದ್ದನ್ನು ನಮ್ಮ ಮುತ್ತಜ್ಜ ಕೇಳಿದ್ದರು ಎಂದರು. ಮಧ್ಯಾಹ್ನದ ಹೊತ್ತಿಗೆ ಇನ್ನೂ ನಾಲ್ಕು ಮುತ್ತಜ್ಜಂದಿರು ಕೇಳಿಯಾಗಿತ್ತು. ಒಬ್ಬರ ಮುತ್ತಜ್ಜಿ, “ಯಾರೋ ಬಾಗ್ಲು ಬಡೀತಾವ್ರೆ ನೋಡ್ರೋ” ಎಂದಿದ್ದರಂತೆ. ಇನ್ನೊಬ್ಬರ ಮುತ್ತಜ್ಜ ಆ ದಿನದಿಂದ ಕಿವುಡರಾದವರು ಸಾಯುವತನಕ ಹಾಗೇ ಇದ್ದರಂತೆ. ನನ್ನ ಸ್ವಂತ ಚಿಕ್ಕಪ್ಪನೇ, “ನಮ್ಮ ಮನೇಲೂ ಕೇಳಿರ್ತಾರೆ ಕಣೋ, ಹೇಳ್ಕಂಡಿಲ್ಲ ಅಷ್ಟೇ,” ಎಂದ.

ಸದ್ದು ಸಿಂಹಳದಲ್ಲೂ ಕೇಳಿದ್ದು ನಿಜ, ಇಲ್ಲಿ ಕೇಳಿದ ದಾಖಲೆ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಸಾಕಾಗಿ, “ಹಾಗಾದರೆ ತರೀಕೆರೆಯವರಿಗೂ ಕೇಳಿರಬೇಕು,” ಎಂದೆ.

ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ತಲೆಯಾಡಿಸಿದರು. “ಅದೆಂಗೆ ಕೇಳ್ತದೆ? ಅವರಿಗೆ ಗುಡ್ಡ ಅಡ್ಡ ಬರ್ತದೆ.”

ಬಸ್ಸು ಹತ್ತಿಸುವಾಗ ಚಿಕ್ಕಪ್ಪ ನನ್ನ ಬೆನ್ನು ತಟ್ಟಿ, “ಆ ಬೆಟ್ಟದ ಗಂಟ್ಲಲ್ಲಿ ಒಂದು ಚೂರು ನಿಂಗಿದ್ದಿದ್ರೆ ಇಷ್ಟೊತ್ತಿಗೆ ಖಾಯಂ ಆಗಿರ್ತಿದ್ದೆ, ಮದ್ವೇನೂ ಆಗಿರ್ತಿತ್ತು,” ಎಂದ. ನಮ್ಮ ಮನೆತನದವರು ಸಮಾಧಾನ ಹೇಳುವುದೇ ಹೀಗೆ.

ಖಾಯಂ

ಜೂನ್ ಬಂತು. ಅಧ್ಯಕ್ಷರು ದಿನ ಗೊತ್ತುಮಾಡಿದರು. ಸೋಮವಾರ ಮಧ್ಯಾಹ್ನ ಊಟದ ಮೇಲೆ ನನ್ನ ಪಾಠ, ಅವರು ಮಂಡಿಯಲ್ಲಿ ಕೂತು ಕೇಳುವುದು. ನನ್ನ ಭಾವಿ ಮಾವ, ಆ ಗಾರ್ಡ್ ಯಜಮಾನರು, ತೀರ್ಪು ತಮ್ಮ ಕಿವಿಯಿಂದಲೇ ಕೇಳಬೇಕೆಂದು ತರೀಕೆರೆಯಿಂದ ಬಂದು ಅದೇ ಗದ್ದಿಗೆಯ ಮೇಲೆ ಕೂತರು. ನಾನು ವಾರದಿಂದ ಬೆಳಿಗ್ಗೆ ಎದ್ದು ಕೆರೆಯ ಕಡೆ ಹೋಗಿ ಕೂಗಿ ಅಭ್ಯಾಸ ಮಾಡಿದ್ದೆ. ಅದರ ಫಲವಾಗಿ, ಇದ್ದ ದನಿಯೂ ಭಾನುವಾರ ಹೋಗಿತ್ತು.

ಸೋಮವಾರ ಹನ್ನೆರಡಕ್ಕೆ ಮಳೆ ಹಿಡಿಯಿತು. ನಮ್ಮ ಕಡೂರಿನದು ಬಯಲುಸೀಮೆಯ ಜಿಪುಣ ಮೋಡ, ಆದರೆ ಅವತ್ತು ಅದು ವರ್ಷದ ಬಾಕಿಯನ್ನೆಲ್ಲ ಒಂದೇ ಸಲ ಸುರಿಯಿತು. ವಿಜ್ಞಾನದ ಕೋಣೆಗೆ ತಗಡಿನ ಛಾವಣಿ. ಹನಿ ಬಿದ್ದ ಸದ್ದಿಗೆ ಪಕ್ಕದಲ್ಲಿದ್ದವನ ಮಾತೂ ಕೇಳದು. ಆಮೇಲೆ ಛಾವಣಿ ಸೋರಿ ಬೆಂಚೆಲ್ಲ ತೊಯ್ದವು. ಹೆಡ್ ಮೇಷ್ಟ್ರು ಬಂದು ನನ್ನನ್ನು ಒಂದು ಮಾತೂ ಕೇಳದೆ ಮಕ್ಕಳನ್ನೆಲ್ಲ ಮನೆಗೆ ಕಳಿಸಿದರು, ತಾವೂ ಹೋದರು. ಎದುರಿನ ಮಂಡಿಯವರಿಗೆ ಇದು ಕಾಣಲಿಲ್ಲ. ಕೊಬ್ಬರಿಗೆ ಥಂಡಿ ತಗುಲಬಾರದೆಂದು ಅವರು ಬಾಗಿಲಿಗೆ ತಾಡಪಾಲು ಇಳಿಬಿಟ್ಟಿದ್ದರು.

ನನಗೆ ಕೊಡೆಯೂ ಇರಲಿಲ್ಲ. ಖಾಲಿ ಕೋಣೆಯಲ್ಲಿ ಮೇಜಿನ ಮೇಲೆ ಕಾಲು ಮಡಿಸಿ ಕೂತೆ. ಕೆಲಸ ಹೋಯಿತು. ಮೂರರಿಂದ ಭಾಗಿಸುವ ಆ ಹುಡುಗಿಯೂ ಹೋದಳು. ಇನ್ನು ಅವಳು ಯಾರ ಮನೆಯಲ್ಲಿ ಕೂತು ಗುಡುಗು ಎಣಿಸುತ್ತಾಳೋ ಎಂದು ನೆನೆದೆ. ನಿಜ ಹೇಳಬೇಕೆಂದರೆ ಅತ್ತೆ. ಸದ್ದಿಲ್ಲದೆ ಅಳುವುದು ನನಗೆ ಮೊದಲಿಂದಲೂ ಸಲೀಸು.

ಮಳೆ ನಿಂತಿತು. ಕಿಟಕಿಯ ಕೆಳಗೆ ದೊಡ್ಡ ಗುಂಡಿಯೊಂದಿತ್ತು. ಹೊಸ ಕೋಣೆ ಕಟ್ಟಿಸಲು ಅಧ್ಯಕ್ಷರೇ ಆ ಬೇಸಿಗೆಯಲ್ಲಿ ಮಣ್ಣು ತೆಗೆಸಿದ್ದು. ಅದು ಈಗ ತುಂಬಿ ತುಳುಕುತ್ತಿತ್ತು. ಅದರೊಳಗಿಂದ ಒಂದು ಕಪ್ಪೆ, “ವಟರ್” ಎಂದಿತು. ಇನ್ನೊಂದು ಮೂಲೆಯಿಂದ ಉತ್ತರ ಬಂತು. ಆಮೇಲೆ ಎಲ್ಲವೂ ಒಟ್ಟಿಗೆ. ಬಗ್ಗಿ ನೋಡಿದೆ. ಅಂಗೈಗಿಂತ ದೊಡ್ಡ ಹಳದಿ ಕಪ್ಪೆಗಳು, ಗಂಟಲಿನ ಎರಡೂ ಪಕ್ಕದಲ್ಲಿ ನೀಲಿ ಚೀಲ ಉಬ್ಬಿಸಿಕೊಂಡು, ಮೊದಲ ಮಳೆಗೆ ಹೆಣ್ಣು ಕರೆಯುತ್ತಿದ್ದವು. ಕೋಣೆಯ ತಗಡು ಗುಂಯ್‌ಗುಟ್ಟತೊಡಗಿತು. ಇಷ್ಟು ಸಣ್ಣ ದೇಹದಿಂದ ಇಷ್ಟು ದೊಡ್ಡ ಸದ್ದು, ಅದೂ ಹೆಣ್ಣಿಗಾಗಿ. ನನಗೆ ನಾಚಿಕೆಯಾಯಿತು. ಸಂಜೆಯವರೆಗೂ ಅವು ಬಿಡುವು ಕೊಡಲಿಲ್ಲ.

ಕೊನೆಗೆ, ಹೇಳಿ ಹೋಗುವುದು ಮರ್ಯಾದೆ ಎಂದು ರಸ್ತೆ ದಾಟಿ ಮಂಡಿಗೆ ಹೋದೆ. ತಾಡಪಾಲು ಸರಿಸಿದ ಕೂಡಲೇ ಅಧ್ಯಕ್ಷರು ಎದ್ದು ನಿಂತು, ಕೈಹಿಡಿದು ನನ್ನನ್ನು ಗದ್ದಿಗೆಯ ಮೇಲೆ ಕೂರಿಸಿದರು.

“ಕೇಳ್ತು ಮೇಷ್ಟ್ರೇ,” ಎಂದರು. “ಮೊದ್ಲು ಒಬ್ಬ ಹೇಳೋದು, ಆಮೇಲೆ ಎಲ್ರೂ ಒಟ್ಟಿಗೆ ಹೇಳೋದು. ಅಂಥಾ ಮಳೆ ಬಿದ್ದ ಮ್ಯಾಲೂ, ಒಂದು ಗಳಿಗೆ ಬಿಡುವಿಲ್ದಂಗೆ. ಹೆಡ್ ಮೇಷ್ಟ್ರ ಕೈಲೂ ಆಗಿರ್ಲಿಲ್ಲ ಇದು.”

ನನಗೆ ಒಂದು ನಿಮಿಷ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ, ಸುಳ್ಳಿನ ಮೇಲೆ ಸಂಸಾರ ಕಟ್ಟುವುದು ಬೇಡವೆನ್ನಿಸಿ, ಅವರ ಕಿವಿಗೇ ಬಾಯಿಟ್ಟು ಪಿಸುದನಿಯಲ್ಲಿ, “ಯಜಮಾನ್ರೆ, ಅದು ಕಪ್ಪೆ,” ಎಂದೆ.

“ಕಪ್ಪೆ ಪಾಠ ಅಂತ ನಮಗೂ ಗೊತ್ತಾಯ್ತು ಕಣ್ರೀ. ಮಕ್ಕಳು ಥೇಟ್ ಕಪ್ಪೆ ಥರಾನೇ ಕೂಗಿದ್ವು.”

“ಪಾಠವೇ ಅಲ್ಲ. ನಾನು ಸುಮ್ಮನೆ ಕೂತಿದ್ದೆ, ಕೂಗಿದ್ದೆಲ್ಲ ಅವೇ.”

ಅಧ್ಯಕ್ಷರು ಗಾರ್ಡ್ ಯಜಮಾನರ ಕಡೆ ತಿರುಗಿದರು. “ನೋಡಿದ್ರಾ ವಿನಯ? ಎಲ್ಲ ಮಕ್ಕಳ ಕೈಲೇ ಮಾಡ್ಸಿ, ನಾನು ಸುಮ್ನೆ ಕೂತಿದ್ದೆ ಅಂತಾರೆ. ಅಲ್ಲಾಡ್ಸಿದ್ರೆ ಸದ್ದು ಬರಲ್ಲ ಅಂದಿದ್ನಲ್ಲ ನಾನು, ಹೋದ ವರ್ಸ ಇನ್ನೂ ಹಸಿ ಇತ್ತು. ಈಗ ಕೊಬ್ರಿ ಆಗೈತೆ.”

ಭಾವಿ ಮಾವ ಗಂಭೀರವಾಗಿ ತಲೆದೂಗಿದರು. “ಎಲ್ಲ ಚೆನ್ನಾಗಿತ್ತು. ಎಡಗಡೆ ಮೂಲೇಲಿ ಒಬ್ಬ ಹುಡುಗ ಮಾತ್ರ ಸ್ವಲ್ಪ ಹಿಂದೆ ಬೀಳ್ತಿದ್ದ.”

“ಹೊಸ್ದಾಗಿ ಸೇರಿರ್ಬೇಕು, ಕಲ್ತ್ಕತಾನೆ,” ಎಂದರು ಅಧ್ಯಕ್ಷರು.

ನಾನು ಮತ್ತೂ ಒಮ್ಮೆ, ಈ ಸಲ ಇಬ್ಬರಿಗೂ ಕೇಳಲೆಂದು, ಮಕ್ಕಳೆಲ್ಲ ಊಟದ ಹೊತ್ತಿಗೇ ಮನೆಗೆ ಹೋದರು ಎಂದು ಸ್ಪಷ್ಟವಾಗಿ ಹೇಳಿದೆ. ಆದರೆ ನನ್ನ ದನಿ ಭಾನುವಾರವೇ ಹೋಗಿತ್ತಲ್ಲ.

“ಏನಂದ್ರಿ?” ಎಂದರು ಇಬ್ಬರೂ. ಉತ್ತರಕ್ಕೆ ಕಾಯದೆ ಅಧ್ಯಕ್ಷರು, “ಪಾಪ, ಪಾಠ ಮಾಡಿ ಮಾಡಿ ಗಂಟ್ಲೇ ಹೋಗೈತೆ,” ಎಂದು ನನಗೆ ಬಿಸಿ ಹಾಲು ತರಿಸಿದರು.

ಖಾಯಂ ಆಯಿತು. ಮದುವೆಯೂ ಆಯಿತು. ಮನೆಗೆ ಬಂದ ಹೆಂಡತಿಗೆ ಮೊದಲು ಈ ಕಪ್ಪೆಯ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆದೆ.

“ಗೊತ್ತು,” ಎಂದಳು. “ಅವತ್ತು ಅಪ್ಪ ಮನೆಗೆ ಬಂದೋರು, ಹುಡುಗನ ಪಾಠ ಹೇಗಿತ್ತು ಅಂತ ಅಂಗಳದಲ್ಲಿ ನಿಂತು ಅಜ್ಜಿಗೆ ಕೂಗಿ ತೋರಿಸಿದ್ರು. ಆಗಲೇ ಗೊತ್ತಾಯ್ತು.”

“ಗೊತ್ತಿದ್ದೂ ನಿಮ್ಮಪ್ಪನಿಗೆ ಹೇಳಲಿಲ್ಲವಾ?”

“ಹೇಳಿದ್ರೆ ಲಗ್ನ ನಿಂತುಹೋಗ್ತಿತ್ತು. ನಂಗೇನು ಬೇರೆ ಕಡೆ ನೋಡೋ ಆಸೆ ಇತ್ತಾ?” ಎಂದಳು. ಅಷ್ಟು ಹೇಳಿದವಳು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಎಷ್ಟು ಕೇಳಿದರೂ ನಗು ನಿಲ್ಲಲೊಲ್ಲದು. ಕೊನೆಗೆ ಹೇಳಿದಳು.

“ತರೀಕೆರೇಲೂ ಅವತ್ತು ಮಳೆ. ಅಪ್ಪ ಕೂಗಿ ತೋರಿಸ್ತಿದ್ದ ಹಾಗೇ ಹಿತ್ತಲ ಹೊಂಡದಿಂದ ಕಪ್ಪೆಗಳೆಲ್ಲ ಒಟ್ಟಿಗೆ ಕೂಗಿದ್ವು. ಅಪ್ಪ ತಕ್ಷಣ ಸುಮ್ಮನಾಗಿ, ಕಿವಿಗೆ ಕೈಯಿಟ್ಟು ಕೇಳಿ, ಅಜ್ಜಿಗೆ ಹೇಳಿದ್ರು: 'ನೋಡಮ್ಮಾ, ಹುಡುಗ ಇನ್ನೂ ಪಾಠ ಮಾಡ್ತಾನೇ ಇದಾನೆ. ಇಲ್ಲೀವರೆಗೂ ಕೇಳ್ತಿದೆ.'”